ಮನೆಗೆ ಬಂದ ಆಮೆ

ನಮ್ಮ ಸೀಮೆಯ ಅಬ್ಬೆತುಮಕೂರಿನ ವಿಶ್ವಾರಾಧ್ಯರ ಜಾತ್ರೆಗೆಂದು ಬೆಂಗಳೂರು, ಪುಣೆ, ಮುಂಬೈ ಕಡೆ ದುಡಿಯಲು ಹೋದವರು ಊರಿಗೆ ಬರುತ್ತಾರೆ. ಮಕ್ಕಳಿಗೆ ಬಟ್ಟೆ, ಆಟಿಗೆ, ಮಿಠಾಯಿ ತರುತ್ತಾರೆ. ಒಮ್ಮೊಮ್ಮೆ ಆ ಚೀಲದ ಜೊತೆ ನೀರು ತುಂಬಿದ ಸಣ್ಣ ಪ್ಲಾಸ್ಟಿಕ್ ಡಬ್ಬಿಯೂ ಇರುತ್ತದೆ. ಅದರೊಳಗೆ ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಹಸಿರು ಆಮೆಮರಿ. ಇತ್ತ ಶಹಾಪುರ, ಸುರಪುರದ ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತ ಕೊಯ್ಯುವಾಗ, ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವಾಗ ಸಿಕ್ಕ ಆಮೆಯನ್ನೂ ಕೆಲವರು ಪುಟ್ಟಿಯಲ್ಲಿ ಹಾಕಿಕೊಂಡು ಮನೆಗೆ ತರುತ್ತಾರೆ. ಇನ್ನು ಕೆಲವರಿಗೆ ಯಾರೋ ಬಂದು, ಮನೆಯಲ್ಲಿ ಆಮೆ ಇದ್ದರೆ ಲಕ್ಷ್ಮಿ ನಿಲ್ಲುತ್ತಾಳೆ ಎಂದು ನಂಬಿಸಿ, ಬೆನ್ನ ಮೇಲೆ ಹಳದಿ ಚುಕ್ಕಿಗೆರೆಗಳಿರುವ ನೆಲದ ಆಮೆಯನ್ನು ರೊಕ್ಕಕ್ಕೆ ಕೊಟ್ಟು ಹೋಗಿರುತ್ತಾರೆ.

ನಾನು ದನ, ಎಮ್ಮೆ, ಕುರಿಗಳನ್ನು ನೋಡುತ್ತ ಬಂದ ಪಶುವೈದ್ಯ. ಆಮೆ ತಂದವರು ನನ್ನನ್ನು ಮೊದಲು ಕೇಳುವ ಮಾತು, "ಇದಕ್ಕ ಏನು ತಿನ್ನಸಬೇಕ್ರಿ?" ಎಂಬುದು. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಎರಡಿವೆ: ಇದು ಯಾವ ಆಮೆ? ಇದು ಇರುವ ಜಾಗ ಎಂಥದು? ಸಾಕಿದ ಆಮೆಗೆ ಬರುವ ಬಹುತೇಕ ಕಾಯಿಲೆಗಳು ನಾವು ಅದನ್ನು ಇಟ್ಟ ಜಾಗದಿಂದಲೇ ಹುಟ್ಟುತ್ತವೆ. ಜಾಗ ಬದಲಾಯಿಸದೆ ಔಷಧ ಕೊಟ್ಟರೆ ಅದು ಹತ್ತುವುದಿಲ್ಲ. ಇವತ್ತು ನಾನು ಹೇಳಲು ಬಂದಿರುವುದೂ ಇದನ್ನೇ.

ಒಂದು ಸಲ ಒಬ್ಬ ಅಜ್ಜಿ ಟಬ್ಬನ್ನೇ ಎತ್ತಿಕೊಂಡು ಬಂದಿದ್ದರು. "ಡಾಕ್ಟರ್ ಸಾಹೇಬ್ರ, ನಮ್ಮ ಮೊಮ್ಮಗ ತಂದಾನ್ರಿ. ಹಾಲು ಕೊಟ್ಟೆ, ಅನ್ನ ಕೊಟ್ಟೆ, ರೊಟ್ಟಿ ನೆನಸಿ ಕೊಟ್ಟೆ. ಒಂದೂ ಮುಟ್ಟವಲ್ದು. ಕಣ್ಣ ಮುಚ್ಕೊಂಡೇ ಕುಂತದ."

"ಎಲ್ಲಿ ಇಟ್ಟೀರಿ, ಯವ್ವಾ?"

"ಪಡಸಾಲ್ಯಾಗ, ಫ್ರಿಜ್ಜಿನ ಬಾಜೂಕ."

"ಬಿಸಲಿಗೆ?"

"ಬಿಸಲಿಗೆ ಇಟ್ರ ಸಾಯ್ತದಂತ ಒಳಗ ಇಟ್ಟೇನ್ರಿ."

ಅದರ ಕಣ್ಣೆವೆ ಉಬ್ಬಿ ಮುಚ್ಚಿಕೊಂಡಿದ್ದವು. ಎ ಜೀವಸತ್ವದ ಕೊರತೆಗೆ ನೀರಾಮೆಗಳಲ್ಲಿ ಕಾಣುವ ಗುರುತು ಅದು. ಕಣ್ಣು ಕಾಣದ ಆಮೆ ತಿನ್ನುವುದಿಲ್ಲ, ತಿನ್ನದ ಆಮೆಯ ಕಣ್ಣು ತೆರೆಯುವುದಿಲ್ಲ. ಚಿಪ್ಪನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬಾಗುತ್ತಿತ್ತು. ಬಿಸಿಲಿಲ್ಲದೆ, ಸುಣ್ಣದಂಶ ಸಿಗದೆ ಎಲುಬು ಮೆತ್ತಗಾಗಿತ್ತು. ಆ ಅಜ್ಜಿ ಹಗಲು ರಾತ್ರಿ ಅದರ ಮುಂದೆ ಕೂತು ಕಾಳಜಿ ಮಾಡಿದ್ದರು. ಹೀಗೆ ಇಡು ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ, ಅಷ್ಟೆ.

ಈಗ ಗುರುತಿಸುವ ಕೆಲಸ. ಮೊದಲು ಕಾಲು ನೋಡಿ. ಆನೆಯ ಕಾಲಿನ ಹಾಗೆ ದುಂಡಗೆ, ಗಟ್ಟಿಯಾಗಿ, ಬೆರಳು ಬಿಡಿಸಿ ಕಾಣದಂತಿದ್ದರೆ ಅದು ನೆಲದ ಆಮೆ. ಬೆರಳುಗಳ ನಡುವೆ ಚರ್ಮದ ಪೊರೆ ಇದ್ದರೆ ನೀರಿನದು. ನೆಲದ ಆಮೆಯನ್ನು ನೀರಿನ ಟಬ್ಬಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ಇದೊಂದು ಗೊತ್ತಿಲ್ಲದೆ ಎಷ್ಟೋ ಆಮೆಗಳು ಮೊದಲ ರಾತ್ರಿಯೇ ಸತ್ತಿವೆ. ಕಣ್ಣ ಹಿಂದೆ ಕೆಂಪು ಪಟ್ಟಿಯಿದ್ದು, ಹಸಿರು ಚಿಪ್ಪಿದ್ದರೆ ಅದು ಅಮೆರಿಕ ಮೂಲದ ಕೆಂಪುಗಿವಿ ಆಮೆ. ಪೇಟೆಯ ಮೀನಿನ ಅಂಗಡಿಗಳಲ್ಲಿ ಮಾರುವ ಮರಿ ಹೆಚ್ಚಾಗಿ ಇದೇ. ಚಿಪ್ಪು ಗಟ್ಟಿಯಾಗಿರದೆ ಮೇಲೆ ಚರ್ಮ ಹೊದಿಸಿದಂತಿದ್ದು, ಹೊಟ್ಟೆಯ ಕೆಳಗೆ ಹಿಂಗಾಲುಗಳನ್ನು ಮುಚ್ಚುವ ಎರಡು ಚರ್ಮದ ಮುಚ್ಚಳಗಳಿದ್ದರೆ ಅದು ನಮ್ಮದೇ ಕೆರೆ, ಬಾವಿ, ಗದ್ದೆಗಳ ಮೆದುಚಿಪ್ಪಿನ ಆಮೆ. ಕಪ್ಪು ಗುಬಟು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿದ್ದರೆ ಅದು ನಕ್ಷತ್ರ ಆಮೆ. ಒಣ ಹುಲ್ಲುಗಾವಲು, ಕುರುಚಲು ಕಾಡು ಅದರ ತವರು.

ಕಡೆಯ ಈ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ರೂಪದಲ್ಲಿ ಈ ಅನುಸೂಚಿಯ ಪ್ರಾಣಿಗಳ ವಿಷಯದ ಅಪರಾಧಕ್ಕೆ ಮೂರರಿಂದ ಏಳು ವರ್ಷದವರೆಗೆ ಸೆರೆವಾಸ, ಕನಿಷ್ಠ 25,000 ರೂಪಾಯಿ ದಂಡ ಇದೆ. ನಿಮ್ಮನ್ನು ಅಂಜಿಸಲು ಇದನ್ನು ಹೇಳುತ್ತಿಲ್ಲ. ಕೊಟ್ಟವನು ಈ ಮಾತು ಹೇಳದೆ ಹೋಗಿರುತ್ತಾನೆ, ಅದಕ್ಕೆ ಹೇಳುತ್ತಿದ್ದೇನೆ. ಪ್ರೀತಿಯಿಂದ ಸಾಕಿದೆವು ಎಂಬುದನ್ನು ಕಾಯ್ದೆ ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ಇವುಗಳಲ್ಲಿ ಯಾವುದಾದರೂ ಇದ್ದರೆ ಅದಕ್ಕೆ ಮಾಡಬಹುದಾದ ದೊಡ್ಡ ಉಪಕಾರ ಒಂದೇ: ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಒಪ್ಪಿಸುವುದು. ಅವರು ಬರುವವರೆಗೆ ರಟ್ಟಿನ ಪೆಟ್ಟಿಗೆಗೆ ಗಾಳಿ ತೂತು ಮಾಡಿ, ಕತ್ತಲಾಗುವಂತೆ ಮುಚ್ಚಿ, ಸಪ್ಪಳವಿಲ್ಲದ ತಂಪು ಮೂಲೆಯಲ್ಲಿಡಿ. ಮೆದುಚಿಪ್ಪಿನದಾದರೆ ಒಳಗೆ ಒದ್ದೆ ಗೋಣಿಚೀಲ ಹಾಸಿ. ತಿನ್ನಲು ಏನೂ ಹಾಕಬೇಡಿ. ಒಂದೆರಡು ದಿನ ತಿನ್ನದಿದ್ದರೆ ಆಮೆಗೆ ಏನೂ ಆಗುವುದಿಲ್ಲ. ಹತ್ತು ಮಂದಿ ಎತ್ತಿ ಫೋಟೊ ತೆಗೆಯುವುದರಿಂದ ಆಗುತ್ತದೆ.

ಇನ್ನು ಇಪ್ಪತ್ತು ಉಗುರಿನ ಆಮೆಯ ಕಥೆ. ಅದು ನಿಧಿ ತೋರಿಸುತ್ತದೆ, ನೋಟಿನ ಮಳೆಗರೆಯುತ್ತದೆ ಎಂದು ಹೇಳಿ ಬಡವರ ಹೊಲ, ಬಂಗಾರ ಮಾರಿಸಿದ ವಂಚಕರು ನಮ್ಮ ಕಡೆಯೂ ಇದ್ದಾರೆ, ಗಡಿಯಾಚೆ ಮಹಾರಾಷ್ಟ್ರದಲ್ಲೂ ಇದ್ದಾರೆ. ನಕ್ಷತ್ರ ಆಮೆಗೆ ಸಾಮಾನ್ಯವಾಗಿ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕುನಾಲ್ಕು ಉಗುರು, ಒಟ್ಟು 18. ಮೆದುಚಿಪ್ಪಿನದಕ್ಕೆ ಕಾಲಿಗೆ ಮೂರರಂತೆ 12. ಇಲ್ಲದ ಉಗುರಿಗಾಗಿ ಆಮೆಗಳನ್ನು ಹಿಡಿದು, ಎಣಿಸಿ, ಬೇಡವಾದವನ್ನು ಎಸೆದು ಹೋಗುತ್ತಾರೆ. ಉಗುರಿನ ಲೆಕ್ಕ ಹೇಳಿಕೊಂಡು ಯಾರಾದರೂ ನಿಮ್ಮ ಮನೆಯ ಕಟ್ಟೆಗೆ ಬಂದು ಕೂತರೆ 112ಕ್ಕೆ ಕರೆ ಮಾಡಿ. ಆಮೆಯೂ ಉಳಿಯುತ್ತದೆ, ನಿಮ್ಮ ಹೊಲವೂ ಉಳಿಯುತ್ತದೆ.

ಆಮೆ ಹಿಡಿದು ಮಾರುವ ಈ ವ್ಯಾಪಾರ ಎಷ್ಟು ದೊಡ್ಡದು ಎಂದರೆ, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದ ಸುತ್ತಿನಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಕಾಡಿನಿಂದ ಹಿಡಿಯಲಾಗುತ್ತಿದೆ ಎಂದು ಕಂಡುಕೊಂಡಿತು. 2018ರ ನವೆಂಬರಿನಲ್ಲಿ ಸಿಂಗಪುರಕ್ಕೆ ಕಳ್ಳಸಾಗಣೆಯಾಗಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತಂದರು. ಸಿಂಗಪುರದ ಒಂದು ಪ್ರಾಣಿರಕ್ಷಣಾ ಸಂಸ್ಥೆ, ನಮ್ಮ ದೇಶದ ವೈಲ್ಡ್‌ಲೈಫ್ ಎಸ್ಒಎಸ್ ಸಂಸ್ಥೆ, ಕರ್ನಾಟಕ ಅರಣ್ಯ ಇಲಾಖೆ ಕೂಡಿ ಆ ಕೆಲಸ ಮಾಡಿದರು. ಅವನ್ನು ಇಳಿಸಿದ ಕೂಡಲೇ ಕಾಡಿಗೆ ಬಿಡಲಿಲ್ಲ, ಬೇರೆಯಾಗಿ ಇಟ್ಟು ಆರೋಗ್ಯ ನೋಡಬೇಕಾಯಿತು. ಪರ ಊರಿನ ಆಮೆಗಳ ಜೊತೆ ಇದ್ದು ಬಂದದ್ದು ಹೊಸ ರೋಗವನ್ನು ನಮ್ಮ ಕಾಡಿಗೆ ತರಬಹುದು. ಆದ್ದರಿಂದಲೇ ಮನೆಯಲ್ಲಿ ಸಾಕಿದ ಆಮೆಯನ್ನು ಪುಣ್ಯ ಬರಲೆಂದು ಭೀಮಾ ನದಿಗೋ ಬೋನಾಳ ಕೆರೆಗೋ ನೀವೇ ಬಿಡಬೇಡಿ ಎನ್ನುವುದು. ಕೆಂಪುಗಿವಿ ಆಮೆಯನ್ನಂತೂ ಬಿಡಲೇಬಾರದು. ಜಗತ್ತಿನ ಅತ್ಯಂತ ಹಾನಿಕರವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ. ಬಿಸಿಲು ಕಾಯುವ ಕಲ್ಲು, ತಿನ್ನುವ ಮೀನು, ಮೊಟ್ಟೆಯಿಡುವ ದಡ ಎಲ್ಲದರಲ್ಲೂ ಅದು ನಮ್ಮ ಆಮೆಗಳಿಗೆ ಎದುರಾಳಿಯಾಗುತ್ತದೆ.

ಹೊಲದಲ್ಲಿ ಸಿಕ್ಕ ಆಮೆಯ ವಿಷಯ ಬೇರೆ. ಮೆದುಚಿಪ್ಪಿನ ಆಮೆ ಕೆರೆ ಬತ್ತಿದಾಗ ಕೆಸರಿನಲ್ಲಿ ಹುದುಗಿ ತಿಂಗಳುಗಟ್ಟಲೆ ಸುಮ್ಮನೆ ಮಲಗುತ್ತದೆ. ಹೂಳೆತ್ತುವ ಯಂತ್ರದ ಬಾಯಿಗೆ ಮಣ್ಣುಂಡೆಯಂತೆ ಸಿಕ್ಕ ಅದು ಸತ್ತಿರುವುದಿಲ್ಲ. ಗಾಯವಿಲ್ಲದಿದ್ದರೆ ಯಂತ್ರ ತಿರುಗದ ಕಡೆ, ಅದೇ ಕೆರೆಯ ನೆರಳಿನ ಅಂಚಿಗೆ ಸರಿಸಿ ಬಿಟ್ಟರೆ ಸಾಕು. ಟ್ರ್ಯಾಕ್ಟರಿನ ರೋಟಾವೇಟರಿಗೆ ಸಿಕ್ಕು ಚಿಪ್ಪು ಸೀಳಿದ್ದರೆ, ಬದುಕುವುದಿಲ್ಲ ಎಂದು ಕೈಬಿಡಬೇಡಿ. ಚಿಪ್ಪು ಎಂದರೆ ಬೆನ್ನೆಲುಬು, ಪಕ್ಕೆಲುಬು ಕೂಡಿ ಬೆಳೆದ ಜೀವಂತ ಎಲುಬು. ಅದಕ್ಕೆ ರಕ್ತವಿದೆ, ನೋವಿದೆ, ನಿಧಾನವಾಗಿ ಕೂಡಿಕೊಳ್ಳುವ ಶಕ್ತಿಯೂ ಇದೆ. ಕುದಿಸಿ ಆರಿಸಿದ ಉಪ್ಪುನೀರಿನಿಂದ ಮಣ್ಣು ತೊಳೆದು, ಶುಭ್ರ ಬಟ್ಟೆ ಮುಚ್ಚಿ, ಅರಣ್ಯ ಇಲಾಖೆಯ ಮೂಲಕ ವೈದ್ಯರಿಗೆ ತಲುಪಿಸಿ. ಅಂಟು ಹಾಕಿ ಸೀಳು ಮುಚ್ಚಿದರೆ ಒಳಗೆ ಕೀವಾಗುತ್ತದೆ.

ಮನೆಯಲ್ಲಿ ಇಟ್ಟುಕೊಳ್ಳಲು ಉಳಿಯುವುದು ಪರದೇಶದ ಆಮೆಗಳು. ಕೆಂಪುಗಿವಿಯದು ಒಂದು. ಆಫ್ರಿಕಾದ ಸುಲ್ಕಾಟಾ ಎಂಬ ನೆಲದಾಮೆ ಇನ್ನೊಂದು. ಅಂಗೈಯಲ್ಲಿ ಕೂರುವ ಸುಲ್ಕಾಟಾ ಮರಿ ಬೆಳೆದು 40, 50 ಕಿಲೊ ಆಗಬಲ್ಲದು, ಎಪ್ಪತ್ತು ವರ್ಷ ಬದುಕಬಲ್ಲದು. ಇದು ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವುದರಿಂದ 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಕೆಂಪುಗಿವಿ ಆಮೆ ಕೂಡ ಮೂವತ್ತು ವರ್ಷ ಬದುಕುವುದುಂಟು. ಇವತ್ತು ಏಳು ವರ್ಷದ ಮೊಮ್ಮಗನ ಕೈಯಲ್ಲಿರುವ ಮರಿಯನ್ನು ಅವನ ಮಕ್ಕಳೂ ನೋಡಬೇಕಾಗುತ್ತದೆ. ತರುವ ಮೊದಲೇ ಮನೆಮಂದಿ ಕೂತು ಈ ಮಾತಾಡಬೇಕು. ತಂದಾಗಿದ್ದರೆ, ಬನ್ನಿ, ಅದಕ್ಕೊಂದು ಸರಿಯಾದ ಮನೆ ಮಾಡೋಣ.

ಆಮೆ ಸಾಕುವ ಬಗ್ಗೆ ಬರುವ ಪುಸ್ತಕ, ವಿಡಿಯೊಗಳು ಹೆಚ್ಚಾಗಿ ಚಳಿದೇಶದವು. ಅವುಗಳಲ್ಲಿ ಗಾಜಿನ ಪೆಟ್ಟಿಗೆ, ಬಿಸಿ ದೀಪ, ಕರೆಂಟಿನ ಹೀಟರು ಹೇಳಿರುತ್ತಾರೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಸೀಮೆಗೆ ಅದು ಹೊಂದುವುದಿಲ್ಲ. ಆಮೆ ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿಲಿಗೆ ಬಂದು ಕಾಯಿಸಿಕೊಳ್ಳುತ್ತದೆ, ನೆರಳಿಗೆ ಸರಿದು ತಂಪಾಗುತ್ತದೆ. ಸುಮಾರು 26ರಿಂದ 32 ಡಿಗ್ರಿಯ ಆಸುಪಾಸಿನಲ್ಲಿ ಅದರ ಹೊಟ್ಟೆ ಸರಿಯಾಗಿ ಕೆಲಸ ಮಾಡುತ್ತದೆ. ಮೈಬಿಸಿ 40ರ ಹತ್ತಿರ ಹೋದರೆ ಜೀವಕ್ಕೇ ಅಪಾಯ. ಆದ್ದರಿಂದ ಇಲ್ಲಿ ಕಟ್ಟಬೇಕಾದದ್ದು ನೆರಳನ್ನು. ಬಿಸಿಲು ದೇವರು ಕೊಟ್ಟಿದ್ದಾನೆ.

ನೆಲದ ಆಮೆಗೆ ಹಿತ್ತಲಿನಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗದಿಂದ ಸುರು ಮಾಡಿ. ಬೆಳೆದಂತೆ ದೊಡ್ಡದು ಮಾಡಬೇಕು. ಮೂಡಣ ದಿಕ್ಕಿಗೆ ತೆರೆದಿರಲಿ, ಬೆಳಗಿನ ಎಳೆಬಿಸಿಲು ಬೀಳಬೇಕು. ಸುತ್ತಲಿನ ಗೋಡೆಗೆ ನಮ್ಮ ಶಹಾಬಾದ ಫರಸಿಯನ್ನೇ ನೆಟ್ಟಗೆ ನಿಲ್ಲಿಸಿ, ಅರ್ಧ ಅಡಿ ನೆಲದೊಳಗೆ ಹೂಳಿ. ಆಚೆ ಕಾಣುವ ಜಾಳಿಗೆಯ ಬೇಲಿ ಬೇಡ. ಕಾಣುವ ಕಡೆ ಹೋಗಬೇಕೆಂದು ಆಮೆ ದಿನವಿಡೀ ಅದಕ್ಕೆ ಮೂತಿ ತಿಕ್ಕಿ ಗಾಯ ಮಾಡಿಕೊಳ್ಳುತ್ತದೆ. ಅದೇ ಫರಸಿಯನ್ನು ನೆಲಕ್ಕೆ ಹಾಸಬೇಡಿ. ಮಧ್ಯಾಹ್ನ ಕಾದು ಕೆಂಡವಾಗುತ್ತದೆ, ನುಣುಪಾದ ನೆಲದಲ್ಲಿ ನಡೆದು ಕಾಲಿನ ಕೀಲುಗಳೂ ಸೊಟ್ಟಾಗುತ್ತವೆ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟಿ ವಾರಗಟ್ಟಲೆ ಹಸಿಯಾಗಿರುತ್ತದೆ. ಹಸಿ ನೆಲದಲ್ಲಿ ಕೂತ ಆಮೆಯ ಹೊಟ್ಟೆಯ ಚಿಪ್ಪು ಕೊಳೆಯುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಮಸಾರಿ ಮಣ್ಣಿಗೆ ಉಸುಕು ಬೆರೆಸಿ ಒಂದು ಕಡೆ ಎತ್ತರದ ದಿಬ್ಬ ಮಾಡಿ. ಅದರಲ್ಲಿ ಒಡೆದ ಹರವಿಯೊಂದನ್ನು ಮಗ್ಗುಲಾಗಿ ಮಲಗಿಸಿ, ಮೇಲೆ ಒಂದು ಅಡಿ ಮಣ್ಣು ಮುಚ್ಚಿ, ಒಳಗೆ ಜೋಳದ ರವದಿ ಹಾಸಿ. ಹೊರಗೆ ಬೆಂಕಿಯಂಥ ಬಿಸಿಲಿದ್ದಾಗಲೂ ಮಣ್ಣು ಮುಚ್ಚಿದ ಹರವಿಯ ಒಳಗೆ ತಂಪಿರುತ್ತದೆ. ಚಳಿಗಾಲದ ರಾತ್ರಿ ಅದೇ ಬೆಚ್ಚಗಿರುತ್ತದೆ. ಉಳಿದ ಅರ್ಧ ಜಾಗಕ್ಕೆ ಬೇವಿನ ನೆರಳೋ ಗರಿಯ ಚಪ್ಪರವೋ ಇರಲಿ. ತಗಡು ಹೊದಿಸಿದರೆ ಕೆಳಗೆ ಒಲೆಯೇ ಆಗುತ್ತದೆ.

ಕುಡಿಯಲು ಮಣ್ಣಿನ ಅಗಲ ತಾಟು ಸಾಕು. ನೀರು ಆಮೆಯ ಗದ್ದಕ್ಕಿಂತ ಮೇಲೆ ಬರಬಾರದು. ಸುತ್ತ ಕರಕಿ ಹುಲ್ಲು ಹಬ್ಬಿಸಿ, ಒಂದು ದಾಸವಾಳ ನೆಡಿ. ಕಣಗಿಲೆ, ಎಕ್ಕೆ ಮಾತ್ರ ಒಳಗಿರಬಾರದು, ಎರಡೂ ವಿಷ. ಮೇಲೆ ಕೋಳಿ ಜಾಳಿಗೆ ಹೊದಿಸಬೇಕು. ಮರಿ ಆಮೆಗೆ ಕಾಗೆ, ಮುಂಗುಸಿ, ಬೀದಿನಾಯಿ ಎಲ್ಲವೂ ಶತ್ರು. ರಾತ್ರಿ ಹೆಗ್ಗಣ ಬಂದು ಮಲಗಿದ ಆಮೆಯ ಕಾಲನ್ನೇ ಕಡಿದು ಹೋಗುತ್ತದೆ.

ಕೆಂಪುಗಿವಿಯಂಥ ನೀರಾಮೆಗೆ ಟಬ್ಬು ಸಾಲದು. ಅಂಗೈಯಗಲದ ಆಮೆಗೆ 150ರಿಂದ 200 ಲೀಟರು ನೀರು ಹಿಡಿಯುವ ತೊಟ್ಟಿ ಬೇಕು. ದನ ನೀರು ಕುಡಿಯುತ್ತಿದ್ದ ಕಲ್ಲಿನ ದೋಣಿ ಹಿತ್ತಲಲ್ಲಿ ಖಾಲಿ ಬಿದ್ದಿದ್ದರೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಅರ್ಧ ಭಾಗ ಬಿಸಿಲಿಗೆ, ಅರ್ಧ ನೆರಳಿಗೆ ಬರುವಂತೆ ನೋಡಿ. ನೀರಿನಿಂದ ಪೂರ್ತಿ ಮೇಲೆ ಬಂದು ಮೈ ಒಣಗಿಸಿಕೊಳ್ಳಲು ಒರಟು ಕಲ್ಲಿನ ಇಳಿಜಾರು ಕಟ್ಟಲೇಬೇಕು. ಹೀಗೆ ಒಣಗದ ನೀರಾಮೆಯ ಚಿಪ್ಪಿಗೆ ಬೂಷ್ಟು ಹತ್ತುತ್ತದೆ. ಆಮೆ ನೀರಲ್ಲೇ ತಿಂದು ನೀರಲ್ಲೇ ಹೇತು ಬದುಕುವುದರಿಂದ ನೀರು ಬೇಗ ಕೆಡುತ್ತದೆ, ನಾತ ಬರುವ ಮೊದಲೇ ಬದಲಿಸಬೇಕು. ನಲ್ಲಿಯ ನೀರಾದರೆ ಒಂದು ದಿನ ತೆರೆದಿಟ್ಟು ಹಾಕಿ. ತೆಗೆದ ನೀರನ್ನು ಬಾಳೆಗೋ ತೆಂಗಿಗೋ ಹರಿಸಿ, ಪಾತ್ರೆ ತೊಳೆಯುವ ಬಚ್ಚಲಿಗೆ ಸುರಿಯಬೇಡಿ.

ಬಿಸಿಲಿನ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ನಾವು ತಿನ್ನಿಸಿದ ಸುಣ್ಣದಂಶ ಎಲುಬಿಗೆ ಸೇರಬೇಕಾದರೆ ಡಿ ಜೀವಸತ್ವ ಬೇಕು. ಬಿಸಿಲಿನ ನೇರಳಾತೀತ ಕಿರಣ ಚರ್ಮಕ್ಕೆ ತಾಗಿದಾಗ ಆಮೆಯ ಮೈ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಈ ಕಿರಣವನ್ನು ತಡೆಯುತ್ತದೆ. ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟರೆ ಕಿರಣವೂ ಸಿಗದೆ, ಒಳಗಿನ ಕಾವಿಗೆ ಆಮೆ ಬೆಂದೂ ಹೋಗುತ್ತದೆ. ಬೆಳಗಿನ ಏಳರಿಂದ ಒಂಬತ್ತೂವರೆ, ಸಂಜೆ ನಾಲ್ಕರ ನಂತರ, ಗಾಜಿಲ್ಲದ ನೇರ ಬಿಸಿಲು. ಅದರ ಪಕ್ಕದಲ್ಲೇ ನೆರಳು. ಎರಡರಲ್ಲಿ ಯಾವುದು ಬೇಕು ಎಂಬುದನ್ನು ಆಮೆಗೇ ಬಿಡಿ.

ಊಟದ ಪ್ರಶ್ನೆಗೆ ಈಗ ಬರೋಣ. ಹಾಲು ಬೇಡ, ಅನ್ನ ಬೇಡ, ರೊಟ್ಟಿ, ಬಿಸ್ಕತ್ತು, ನಾಯಿಯ ಆಹಾರ ಯಾವುದೂ ಬೇಡ. ಸುಲ್ಕಾಟಾ ಹುಲ್ಲು ತಿಂದು ಬೆಳೆದ ಜೀವ. ಅದಕ್ಕೆ ಮುಕ್ಕಾಲು ಪಾಲು ಕರಕಿ ಮತ್ತು ಬೇರೆ ಹುಲ್ಲೇ ಇರಲಿ. ಇದರ ಮೇಲೆ ಕೊಡಲು ನಮ್ಮ ಸೀಮೆಯಲ್ಲಿ ಒಂದು ಭಾಗ್ಯವಿದೆ: ಹತ್ತರಕಿ ಪಲ್ಯ. ನಾವು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಈ ಸೊಪ್ಪು, ಪರದೇಶದವರು ಆಮೆಗೆ ಹುಡುಕಿ ಹುಡುಕಿ ಹಾಕುವ ಡ್ಯಾಂಡಿಲಿಯನ್ ಎಂಬ ಗಿಡದ ಕುಟುಂಬಕ್ಕೇ ಸೇರಿದ್ದು. ನುಗ್ಗೆ ಸೊಪ್ಪಿನಲ್ಲಿ ಸುಣ್ಣದಂಶ ಹೇರಳ. ದಾಸವಾಳದ ಎಲೆ, ಹೂವು ಇಷ್ಟಪಟ್ಟು ತಿನ್ನುತ್ತದೆ. ಪಾಪಸುಕಳ್ಳಿಯ ಮುಳ್ಳು ಸುಟ್ಟು, ಹೆಚ್ಚಿ ಹಾಕಬಹುದು. ಆದರೆ ನಮ್ಮ ಊಟದ ಜೀವಾಳವಾದ ಪುಂಡಿಪಲ್ಯ, ಜೊತೆಗೆ ಪಾಲಕ, ರಾಜಗಿರಿ ಇವುಗಳನ್ನು ದಿನಾ ಹಾಕಬಾರದು. ಅವುಗಳಲ್ಲಿರುವ ಆಕ್ಸಾಲಿಕ್ ಆಮ್ಲ ಸುಣ್ಣದಂಶವನ್ನು ಕಟ್ಟಿಹಾಕಿ ಮೈಗೆ ಹತ್ತಲು ಬಿಡುವುದಿಲ್ಲ. ತೊಗರಿ, ಕಡಲೆ, ಹೆಸರು ಬೇಡ, ಹುಲ್ಲು ತಿನ್ನುವ ಆಮೆಗೆ ಅಷ್ಟು ಸಾರ ತಡೆಯುವುದಿಲ್ಲ. ಸೊಪ್ಪು ಎಲ್ಲಿಂದ ಕೊಯ್ದಿರಿ ಎಂಬುದೂ ಮುಖ್ಯ. ಹತ್ತಿ ಹೊಲದ ಬದುವಿನ ಹುಲ್ಲಿಗೆ ಎಣ್ಣೆ ಹೊಡೆದಿರುತ್ತಾರೆ, ಕಳೆನಾಶಕ ಬಿದ್ದಿರುತ್ತದೆ. ದನ ತಾಳಿಕೊಂಡದ್ದನ್ನು ಕಾಲು ಕಿಲೊ ತೂಕದ ಜೀವ ತಾಳಲಾರದು.

ಸುಣ್ಣದಂಶಕ್ಕೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆಯ ತುಂಡೊಂದನ್ನು ಒಳಗಿಟ್ಟರೆ ಆಮೆ ಬೇಕಾದಾಗ ಕಚ್ಚುತ್ತದೆ, ಬಾಯಿಯ ಕೊಕ್ಕೂ ಸವೆದು ಹದವಾಗಿರುತ್ತದೆ. ಕುದಿಸಿ, ಒಣಗಿಸಿ, ಪುಡಿ ಮಾಡಿದ ಕೋಳಿಮೊಟ್ಟೆಯ ಸಿಪ್ಪೆಯನ್ನು ಸೊಪ್ಪಿನ ಮೇಲೆ ಉದುರಿಸಬಹುದು. ಎಲೆಅಡಿಕೆಯ ಸುಣ್ಣವನ್ನು ಮಾತ್ರ ಎಂದೂ ತಿನ್ನಿಸಬೇಡಿ, ಚಿಪ್ಪಿಗೆ ಹಚ್ಚಲೂ ಬೇಡಿ, ಅದು ಸುಡುತ್ತದೆ. ಪೂಜೆಯ ಹೆಸರಲ್ಲಿ ಎಣ್ಣೆ, ಅರಿಷಿಣ, ಬಣ್ಣ ಬಳಿಯುವುದೂ ಬೇಡ.

ಕೆಂಪುಗಿವಿ ಆಮೆ ಮರಿಯಾಗಿದ್ದಾಗ ಎರೆಹುಳು, ಸಣ್ಣ ಮೀನು ಹೆಚ್ಚು ತಿನ್ನುತ್ತದೆ, ಬೆಳೆದಂತೆ ಸೊಪ್ಪಿಗೆ ಇಳಿಯುತ್ತದೆ. ಅಂಗಡಿಯವರು ಕೊಡುವ ಒಣಸಿಗಡಿಯ ಡಬ್ಬಿಯೊಂದನ್ನೇ ನೆಚ್ಚಿದರೆ, ಆ ಅಜ್ಜಿಯ ಮನೆಯ ಆಮೆಯ ಹಾಗೆ ಕಣ್ಣು ಮುಚ್ಚುತ್ತದೆ. ಆ ಆಮೆಗೆ ಜೀವಸತ್ವದ ಸೂಜಿಯನ್ನು ತೂಕ ನೋಡಿ ಅಳತೆಯಲ್ಲಿ ಕೊಡಬೇಕಾಯಿತು, ಹೆಚ್ಚಾದರೆ ಅದೇ ಚರ್ಮ ಸುಲಿಸುತ್ತದೆ. ಉಳಿದ ಕೆಲಸವನ್ನು ಕಲ್ಲಿನ ದೋಣಿ ಮತ್ತು ಬೆಳಗಿನ ಬಿಸಿಲು ಮಾಡಿದವು. ಕೆಲವು ವಾರಗಳಲ್ಲಿ ಕಣ್ಣು ಬಿಟ್ಟು ನುಗ್ಗೆ ಸೊಪ್ಪಿಗೆ ಬಾಯಿ ಹಾಕಿತು.

ಕಾಯಿಲೆ ಗುರುತಿಸಲು ಬೇಕಾದ ಮುಖ್ಯ ಸಲಕರಣೆ ತಕ್ಕಡಿ. ಆಮೆ ಅಳುವುದಿಲ್ಲ, ನರಳುವುದಿಲ್ಲ, ಒಳಗೆ ಸೊರಗಿದರೂ ಚಿಪ್ಪು ಅಷ್ಟೇ ದಪ್ಪ ಕಾಣುತ್ತದೆ. ವಾರಕ್ಕೊಮ್ಮೆ ತೂಗಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಎರಡು ಮೂರು ವಾರ ಇಳಿಯುತ್ತ ಹೋದರೆ ವೈದ್ಯರಿಗೆ ತೋರಿಸಲೇಬೇಕು. ಮೂಗಿನಲ್ಲಿ ಗುಳ್ಳೆ ಬರುವುದು, ಬಾಯಿ ತೆರೆದು ಉಸಿರಾಡುವುದು, ನೀರಾಮೆ ಒಂದು ಕಡೆಗೆ ವಾಲಿ ತೇಲುವುದು ಶ್ವಾಸಕೋಶದ ಸೋಂಕಿನ ಗುರುತು, ಅದು ಕಾಯುವ ಕಾಯಿಲೆಯಲ್ಲ. ಕಣ್ಣು ಗುಳಿಬಿದ್ದು ಚರ್ಮ ಸಡಿಲವಾಗಿದ್ದರೆ ನೀರಿನ ಕೊರತೆ. ಹೊಸದಾಗಿ ಬಂದ ನೆಲದ ಆಮೆಗೆ ಮೊದಲ ದಿನಗಳಲ್ಲಿ ಉಗುರುಬೆಚ್ಚಗಿನ ನೀರನ್ನು ಗದ್ದದ ಮಟ್ಟಕ್ಕೆ ಹಾಕಿ, ಕಣ್ಣಳತೆಯಲ್ಲಿಟ್ಟುಕೊಂಡು ಕಾಲು ಗಂಟೆ ಕೂರಿಸಿದರೆ ಕುಡಿದು, ಹೊಟ್ಟೆ ಸಡಿಲಿಸಿ ಚೇತರಿಸಿಕೊಳ್ಳುತ್ತದೆ. ಚಿಪ್ಪಿನ ಒಂದೊಂದು ಹೋಳೂ ಗೋಪುರದಂತೆ ಮೇಲೆದ್ದಿದ್ದರೆ ಅದು ಬೆಳೆವ ವಯಸ್ಸಿನಲ್ಲಿ ಆದ ತಪ್ಪು ಪೋಷಣೆಯ ಗುರುತು. ಎದ್ದದ್ದು ಇಳಿಯುವುದಿಲ್ಲ, ಮುಂದೆ ಬೆಳೆಯುವ ಚಿಪ್ಪನ್ನು ಸರಿ ಮಾಡಬಹುದು. ಪಶುಪಾಲನೆ ಇಲಾಖೆಯ 1962 ಸಹಾಯವಾಣಿಗೆ ಕೇಳಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಬೀದರಿನ ಪಶುವೈದ್ಯಕೀಯ ಕಾಲೇಜು ನಮ್ಮ ಭಾಗಕ್ಕೆ ಹತ್ತಿರ.

ಆಮೆ ಮುದಿಯಾದ ಮೇಲೂ ಸುಧಾರಿಸಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಲ್ಲಿ, ರಾಜ್ಯಪಾಲರ ಬಂಗಲೆಯ ಹುಲ್ಲಂಗಳದಲ್ಲಿ ಜೊನಾಥನ್ ಎಂಬ ದೊಡ್ಡ ಆಮೆಯಿದೆ. 1832ರ ಸುಮಾರಿಗೆ ಹುಟ್ಟಿರಬೇಕೆಂದು ಅಂದಾಜು. ವಯಸ್ಸಾಗಿ ಕಣ್ಣು ಹೋಗಿ, ಮೂಗು ವಾಸನೆ ಹಿಡಿಯದೆ, ಹುಲ್ಲು ಸಿಗದ ಕಡೆಯೆಲ್ಲ ಮಣ್ಣನ್ನೂ ಒಣಕಡ್ಡಿಯನ್ನೂ ಕಚ್ಚುತ್ತ ಅದರ ಕೊಕ್ಕು ಮೊಂಡಾಗಿ, ಮೈ ಇಳಿದಿತ್ತು. ದ್ವೀಪದ ಪಶುವೈದ್ಯ ಜೋ ಹಾಲಿನ್ಸ್ ವಾರಕ್ಕೊಮ್ಮೆ ಕೈಯಾರೆ ಹಣ್ಣು, ತರಕಾರಿ ತಿನ್ನಿಸಲು ಸುರು ಮಾಡಿದರು. ಕೊಕ್ಕು ಮತ್ತೆ ಚೂಪಾಗಿ ಬೆಳೆಯಿತು, ತೂಕ ಕೂಡಿತು. ನೂರ ಎಂಬತ್ತರ ಆಸುಪಾಸಿನ ಜೀವಕ್ಕೆ!

ಮಕ್ಕಳಿರುವ ಮನೆಯವರಿಗೆ ಒಂದು ಎಚ್ಚರಿಕೆ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಜೀವಿ ಇರಬಹುದು, ಸಣ್ಣ ಮಕ್ಕಳಿಗೆ ಅದರಿಂದ ವಾಂತಿಭೇದಿ, ಜ್ವರ ಬರುತ್ತದೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲೇ ನಿಷೇಧಿಸಿದರು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಅಡುಗೆಮನೆಗೆ ತರಬಾರದು. ಐದು ವರ್ಷದೊಳಗಿನ ಮಗುವಿನ ಕೈಗೆ ಕೊಡಲೇಬಾರದು.

ಆಮೆ ಬೇಕೇಬೇಕು ಎಂದು ಹಟ ಹಿಡಿದ ಮಗುವಿಗೆ ಇನ್ನೊಂದು ದಾರಿಯಿದೆ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಂಥ ನಮ್ಮ ರಾಜ್ಯದ ಮೃಗಾಲಯಗಳಲ್ಲಿ ಪ್ರಾಣಿಯೊಂದರ ಊಟೋಪಚಾರದ ಖರ್ಚು ಕೊಟ್ಟು ದತ್ತು ಪಡೆಯುವ ವ್ಯವಸ್ಥೆ ಇದೆ. ಹುಟ್ಟುಹಬ್ಬದ ಕೇಕಿನ ದುಡ್ಡನ್ನು ಅಲ್ಲಿಗೆ ಕಳಿಸಿ, ಆಮೆಯ ದತ್ತು ಸಿಗುತ್ತದೆಯೇ ಎಂದು ಕೇಳಿ ನೋಡಿ.

ಮುಗಿಸುವ ಮುನ್ನ ರೈತ ಬಂಧುಗಳಿಗೆ ಒಂದು ಕೋರಿಕೆ. ಮೀನು ನೋಡಿ ಮರಿ ಮಾಡುತ್ತದೆ, ಹಕ್ಕಿ ಮುಟ್ಟಿ ಮರಿ ಮಾಡುತ್ತದೆ, ಆಮೆ ದೂರದಲ್ಲಿದ್ದು ನೆನೆದೇ ಮರಿ ಮಾಡುತ್ತದೆ ಎಂದು ನಮ್ಮ ಹಿರಿಯರು ಗುರುವಿನ ಕೃಪೆಗೆ ಹೋಲಿಕೆ ಕೊಡುತ್ತಿದ್ದರು. ತಾಯಿ ಆಮೆ ಮಣ್ಣಲ್ಲಿ ಮೊಟ್ಟೆ ಹೂತು ಹೊರಟುಹೋಗುವುದನ್ನು ಅವರು ಕಣ್ಣಾರೆ ಕಂಡಿದ್ದರು. ಕಾವು ಕೊಡುವುದು ಬಿಸಿಲಿಗೆ ಕಾದ ಮಣ್ಣು. ಅನೇಕ ಜಾತಿಯ ಆಮೆಗಳಲ್ಲಿ ಮರಿ ಹೆಣ್ಣೋ ಗಂಡೋ ಎಂಬುದೂ ಆ ಮಣ್ಣಿನ ಬಿಸಿಯಿಂದಲೇ ತೀರ್ಮಾನವಾಗುತ್ತದೆ. ಬದುವು ಕಡಿಯುವಾಗ, ಹರಗುವಾಗ ಗುಂಡಗಿನ ಬಿಳಿ ಮೊಟ್ಟೆಗಳು ಕಂಡರೆ ಕೈಗೆತ್ತಿ ತಿರುವಬೇಡಿ. ಕೋಳಿಮೊಟ್ಟೆಯನ್ನು ಹೊರಳಿಸಿದರೆ ನಡೆಯುತ್ತದೆ. ಆಮೆಯ ಭ್ರೂಣ ಮೊಟ್ಟೆಯ ಮೇಲ್ಗಡೆಗೆ ಅಂಟಿಕೊಂಡಿರುತ್ತದೆ, ಹೊರಳಿಸಿದರೆ ಸಾಯುತ್ತದೆ. ಇದ್ದಂತೆಯೇ ಮಣ್ಣು ಮುಚ್ಚಿ, ನಾಲ್ಕು ಕಡೆ ಗೂಟ ನೆಟ್ಟು, ನಾಯಿ ಕೆದರದಂತೆ ಮೇಲೆ ಜಾಲಿ ಮುಳ್ಳು ಹೊದಿಸಿ, 1926ಕ್ಕೆ ತಿಳಿಸಿ. ಆ ಒಂದು ಮೊಳ ಜಾಗವನ್ನು ಈ ಹಂಗಾಮಿಗೆ ಉಳದೆ ಬಿಡಿ.